ಯಮನಮ್ಮನ ಕಾರ್ಡಿನಲ್ಲಿ ಬರೆದದ್ದು

ಸಿಂಧನೂರು
28 ಆಗಸ್ಟ್ 1988

ಪ್ರೀತಿಯ ಪೀರ್‌ಬೀ ಸಿಸ್ಟರ್,

ಅಂತೂ ನಿಮ್ಮ ಮಸ್ಕಿಯ ವಿಳಾಸ ಸಿಕ್ಕಿತು! ಶಾಲೆಯ ಆಯಾ ಬಸ್ಸಮ್ಮನನ್ನು ಮೂರು ದಿನ ಕಾಡಿ ಪಡೆದೆ. ನೀವು ಹೋದ ದಿನ ನಾನು ಹೊರಗೆ ಬರಲಿಲ್ಲವೆಂದು ಬೇಸರ ಮಾಡಿಕೊಂಡಿರಾ? ಅಳು ತಡೆಯಲಾಗುತ್ತಿರಲಿಲ್ಲ. ಮದುವೆಯಾಗಿ ಮೂರು ತಿಂಗಳಾದವಳು ಬೀದಿಯಲ್ಲಿ ಅಳುತ್ತ ನಿಂತರೆ ಊರವರು ನನ್ನ ಗಂಡನ ಬಗ್ಗೆ ಏನೇನು ಕಥೆ ಕಟ್ಟುತ್ತಾರೋ ಎಂದು ಸ್ಟಾಫ್ ರೂಮಿನಲ್ಲೇ ಕುಳಿತೆ. ಪಾಪ, ಇವರಂಥ ಗಂಡನ ಮೇಲೆ ಅಪವಾದವೇ! ಕಾಲುವೆ ಆಫೀಸಿನಿಂದ ಮಧ್ಯಾಹ್ನ ಊಟಕ್ಕೆ ಬರುವಾಗ ಬೀದಿಯ ತುದಿಯಿಂದಲೇ ಲೂನಾದ ಹಾರ್ನ್ ಬಾರಿಸುತ್ತಾರೆ. ಎದುರು ಮನೆಯ ಅಜ್ಜಿ, "ಬಂದಾನ ನೋಡಬೇ ನಿನ್ನ ರಾಯ, ಪೌಡರ್ ಹಚ್ಚಿಕೊಂಡೇನು?" ಎಂದು ದಿನಾ ರೇಗಿಸುತ್ತಾಳೆ. ಸಿಸ್ಟರ್, ನನಗೆ ಈ ಊರು ಎಷ್ಟು ಇಷ್ಟವಾಗಿದೆ ಗೊತ್ತೇ! ಮೈಸೂರಿನ ಗೆಳತಿಯರಿಗೆಲ್ಲ ಬರೆದಿದ್ದೇನೆ.

ಆದರೆ ನಿಮಗಾದದ್ದು ಅನ್ಯಾಯ. ಅನ್ಯಾಯ, ಅನ್ಯಾಯ, ನೂರು ಸಲ ಅನ್ಯಾಯ! ನಾನು ಓದಿದ ಕಾನ್ವೆಂಟಿನಲ್ಲೂ ಒಬ್ಬ ನರ್ಸ್ ಇದ್ದರು. ಬಿದ್ದವರಿಗೆ ಟಿಂಚರ್ ಹಚ್ಚುವುದಷ್ಟೇ ಅವರ ಕೆಲಸ. ಐದನೇ ಕ್ಲಾಸಿನ ಹಸನ್‌ಸಾಬ್ ದಡ್ಡನಲ್ಲ, ಅವನಿಗೆ ಬೋರ್ಡು ಕಾಣುತ್ತಿಲ್ಲ ಎಂದು ಕಂಡುಹಿಡಿದವರು ನೀವು. ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಬೀಳುವ ಹುಡುಗಿಯರನ್ನು "ಜರಾ ನಾಲಿಗಿ ತಗೀರಿ, ಹೊಟ್ಟಿಗೆ ಏನು ಹಾಕ್ಕೊಂಡು ಬಂದೀರಿ?" ಎಂದು ಕೇಳಿದವರು ನೀವು. ಈಗ ನಿಮ್ಮ ಕೋಣೆಗೆ ಬೀಗ. ಮಕ್ಕಳು ಕಿಟಕಿಯಲ್ಲಿ ಇಣುಕಿ ಹೋಗುತ್ತಾರೆ.

ಆ ದಿನ ನನ್ನ ಕಣ್ಣಿಂದ ಹೋಗುತ್ತಿಲ್ಲ. ಆಗಸ್ಟ್ ಹದಿನೈದರ ಡ್ರಿಲ್ಲಿಗೆ ಅಭ್ಯಾಸ ಮಾಡಿಸುತ್ತಿದ್ದೆ. ಮೂರನೇ ಸುತ್ತಿನಲ್ಲಿ ಯಮನಮ್ಮ ನನ್ನೆದುರೇ ಬಿದ್ದಳು. ತುಟಿ ನೇರಳೆ ಹಣ್ಣಿನ ಹಾಗಾಗಿತ್ತು. ನೀವು ಓಡಿ ಬಂದು ಎತ್ತಿಕೊಳ್ಳದಿದ್ದರೆ ಆ ಕೂಸು ಉಳಿಯುತ್ತಿರಲಿಲ್ಲ. ಸಣ್ಣವಳಿದ್ದಾಗ ಕೀಲು ಬಾತು ಬಂದ ಜ್ವರ ಹೃದಯಕ್ಕೆ ಪೆಟ್ಟು ಕೊಟ್ಟಿದೆ ಎಂದು ರಾಯಚೂರಿನ ಡಾಕ್ಟರು ಹೇಳಿದರಂತೆ. ಕಾರ್ಯದರ್ಶಿ ಅಂಬಪ್ಪನವರು ಅವಳ ಆರೋಗ್ಯ ಕಾರ್ಡು ತರಿಸಿ ನೋಡಿದರು. "ಡ್ರಿಲ್‌ಗೆ ಯೋಗ್ಯ" ಎಂಬುದರ ಕೆಳಗೆ ನಿಮ್ಮ ಸಹಿ. ಅಷ್ಟಕ್ಕೇ ನಿಮ್ಮನ್ನು ಕೆಲಸದಿಂದ ತೆಗೆಯುವುದೇ? ತಾಯಿಯೇ ಹೇಳದಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಸೇರಿಸುವ ದಿನ ಕಾರ್ಡು ತುಂಬಿದವಳು ನಾನೇ ಅಲ್ಲವೇ, ನನಗೆ ನೆನಪಿದೆ. "ಹುಡುಗಿಗೆ ಜಡ್ಡು ಐತ್ರಿ ಅಕ್ಕೋರ, ಓಡಾಕ ಆಗಂಗಿಲ್ಲ, ನೀವ ನೋಡ್ಕೋಬೇಕು" ಎಂದಳು ಅವಳ ತಾಯಿ ಮುದುಕಮ್ಮ (ಹೆಸರೇ ಹಾಗೆ!). ಹೆತ್ತ ಮಗಳನ್ನೇ ಜಡ್ಡು ಎಂದು ಹೇಳಿಕೊಳ್ಳುವಷ್ಟು ಮುಗ್ಧೆ! ಕಾಯಿಲೆಯ ಸುದ್ದಿಯನ್ನು ಮಾತ್ರ ಎತ್ತಲೇ ಇಲ್ಲ.

ನಾನು ಏನು ಮಾಡಲಿ ಹೇಳಿ. ಶಾಲೆಯ ಆಡಳಿತ ಮಂಡಳಿಗೆ ಅರ್ಜಿ ಬರೆಯಲೇ? ಇಂಗ್ಲಿಷಿನಲ್ಲಿ ಬರೆದರೆ ಅವರು ಹೆದರುತ್ತಾರೆ!

ನಿಮ್ಮನ್ನು ತುಂಬ ನೆನೆಯುವ,
ಕುಮುದಾ ಕನಕರಾಯ
(ಹೀಗೆ ಸಹಿ ಹಾಕುವುದಕ್ಕೇ ಇನ್ನೂ ನಾಚಿಕೆ!)


ಮಸ್ಕಿ
5 ಸೆಪ್ಟೆಂಬರ್ 1988

ಕುಮುದಾ ಟೀಚರ್ ಅವರಿಗೆ ಪೀರ್‌ಬೀಯ ಸಲಾಮು.

ಪತ್ರ ತಲುಪಿತು. ತಮ್ಮನ ಮನೆಯಲ್ಲಿ ಇದ್ದೇನೆ, ಆರಾಮವಾಗಿದ್ದೇನೆ. ನನ್ನ ಸಲುವಾಗಿ ಯಾರಿಗೂ ಅರ್ಜಿ ಬರೆಯಬೇಡಿ. ಸಹಿ ನನ್ನದೇ.

ನಿಮಗೆ ಏನಾದರೂ ಮಾಡುವ ಮನಸ್ಸಿದ್ದರೆ ಒಂದು ಕೆಲಸವಿದೆ. ಯಮನಮ್ಮನಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಆಗಬೇಕು. ಮೊದಲನೆಯದು ಆಗಸ್ಟ್ 22ಕ್ಕೆ ಆಗಿದೆ. ಮುಂದಿನದು ಇದೇ 12ಕ್ಕೆ. ಆಮೇಲೆ ಅಕ್ಟೋಬರ್ 3, ಅಕ್ಟೋಬರ್ 24. ಜ್ವರ ಇಲ್ಲ, ನೋವಿಲ್ಲ, ಸೂಜಿ ಯಾಕೆ ಎಂದು ತಾಯಿ ಬಿಟ್ಟುಬಿಟ್ಟಾಳು. ಒಂದು ಸಲ ತಪ್ಪಿದರೆ ಆ ಜ್ವರ ಮರಳಿ ಬಂದು ಹೃದಯವನ್ನು ಇನ್ನಷ್ಟು ಕೆಡಿಸುತ್ತದೆ. ಅವರ ಊರಿಗೆ ಹೋಗುವ ತುರ್ವಿಹಾಳ ಬಸ್ಸಿನ ಕಂಡಕ್ಟರ್ ಗೌಸ್‌ಸಾಬ್ ನಂಬಿಗಸ್ತ. ಸೂಜಿಯ ಹಿಂದಿನ ದಿನ ಅವನ ಕೈಯಲ್ಲಿ ಹೇಳಿ ಕಳಿಸಿ.

ಪಾಠವನ್ನೂ ಕಳಿಸಿ. ಮೂರು ತಿಂಗಳು ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಶಾಲೆಗೆ ಬರುವುದು ಕಡಿಮೆ. ಜಡ್ಡಿನಿಂದ ಬಿಟ್ಟವರಿಗಿಂತ ಹಿಂದೆ ಬಿದ್ದೆನೆಂಬ ನಾಚಿಕೆಯಿಂದ ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಅವಳ ತಾಯಿ ಹೇಳಿದ ಮಾತು ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ.

ಹಸನ್‌ಸಾಬನಿಗೆ ಕನ್ನಡಕ ಬಂತೇ?

ಪೀರ್‌ಬೀ


ಸಿಂಧನೂರು
9 ಅಕ್ಟೋಬರ್ 1988

ಪ್ರೀತಿಯ ಸಿಸ್ಟರ್,

ನನ್ನನ್ನು ಹೊಗಳಿ! ಎರಡು ಸೂಜಿಯೂ ಆಯಿತು, ದಿನಕ್ಕೆ ದಿನ. ಮುದುಕಮ್ಮ ಮಗಳನ್ನು ಕರೆದುಕೊಂಡು ಬಂದಳು, ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದೆ. ನನ್ನನ್ನು ಕಂಡ ಕೂಡಲೇ ಯಮನಮ್ಮ ತಾಯಿಯ ಸೆರಗಿನ ಹಿಂದೆ ಹೋದಳು. ಸೂಜಿಯ ಭಯ ಇರಬೇಕು. ಚಾಕಲೇಟು ಕೊಟ್ಟರೆ ಕೈಯಲ್ಲೇ ಹಿಡಿದು ನಿಂತಳು.

ಇಂಗ್ಲಿಷ್ ಪಾಠಗಳನ್ನು ಚಿತ್ರ ಹಾಕಿ, ಬಣ್ಣ ಹಚ್ಚಿ ಗೌಸ್‌ಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. "ಏನ್ರಿ ಟೀಚರ್ರ, ದಿನಾ ಲಗ್ನಪತ್ರಿಕಿ ಕಳಸಿದಂಗ ಕಳಸ್ತೀರಲ್ಲ" ಎಂದು ನಗುತ್ತಾನೆ. ಶಾಲೆಗೆ ಯಾವಾಗ ಕಳಿಸುತ್ತೀ ಎಂದು ಮುದುಕಮ್ಮನನ್ನು ಕೇಳಿದೆ. "ನೋಡೂಣ್ರಿ" ಎಂದಳು. ಈ ಊರಿನಲ್ಲಿ "ನೋಡೂಣ್ರಿ" ಎಂದರೆ "ಇಲ್ಲ" ಎಂದು ಇವರು ಹೇಳುತ್ತಾರೆ. ನಿಜವೇ?

ಹಸನ್‌ಸಾಬನಿಗೆ ಕನ್ನಡಕ ಬಂತು! ಗಣಿತದಲ್ಲಿ ಎಪ್ಪತ್ತೆರಡು! "ಮೊದಲು ಎಲ್ಲಾ ಆಕಡಿ ಈಕಡಿ ಹರದಾಡತಿತ್ರಿ, ಈಗ ಅಂಕಿ ಒಂದ ಕಡಿ ನಿಂತಾವ" ಎಂದ. ನಿಮಗೇ ಮೊದಲು ಹೇಳಬೇಕೆಂದಿದ್ದ.

ದಸರೆಗೆ ಲಿಂಗಸುಗೂರಿಗೆ, ಅತ್ತೆಯ ಮನೆಗೆ. ಸೊಸೆಯಾಗಿ ನನ್ನ ಮೊದಲ ಹಬ್ಬ! ಎದೆ ಡವಡವ ಎನ್ನುತ್ತಿದೆ. ಇವರು ನವಿಲು ಬಣ್ಣದ ಸೀರೆ ತಂದಿದ್ದಾರೆ.

ಖುಷಿಯಲ್ಲಿ ಅಕ್ಷರ ವಕ್ರವಾದರೆ ಕ್ಷಮಿಸಿ,
ಕುಮುದಾ


ಲಿಂಗಸುಗೂರು
26 ಅಕ್ಟೋಬರ್ 1988

ಪ್ರೀತಿಯ ಸಿಸ್ಟರ್,

ಇನ್‌ಲ್ಯಾಂಡ್ ಒಂದೇ ಸಿಕ್ಕಿತು, ಆದ್ದರಿಂದ ಸಣ್ಣ ಪತ್ರ.

ಹಬ್ಬ ಮುಗಿದ ಮರುದಿನವೇ ನನಗೆ ಜ್ವರ. ಮೈಕೈ ನೋವು, ಏಳಲಾಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ನಾದಿನಿಗೆ, "ಸೊಸಿಗೆ ಜಡ್ಡು ಐತಿ, ಆಕಿಗೆ ಕೆಲಸ ಹಚ್ಚಬ್ಯಾಡ" ಎನ್ನುವುದು ಕೇಳಿಸಿತು. ಜ್ವರದಲ್ಲಿ ಬಿದ್ದವಳನ್ನು ಸೋಮಾರಿ ಎನ್ನುತ್ತಾರಲ್ಲ ಎಂದು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ಸಂಜೆ ಇವರ ಹತ್ತಿರ ಹೇಳಿದೆ. ಇವರು ನಕ್ಕೂ ನಕ್ಕೂ ಗೋಡೆಗೆ ಒರಗಿದರು. "ಏ ಹುಚ್ಚಿ, ಜಡ್ಡು ಅಂದ್ರ ಆರಾಮಿಲ್ಲ ಅಂತ! ರೋಗ! ಮೈಸೂರಾಗ ಬ್ಯಾರೆ ಏನರೆ ಅಂತಾರೇನು?" ನಮ್ಮ ಕಡೆ ಜಡ್ಡು ಎಂದರೆ ಮಂದ, ಸೋಮಾರಿ ಎಂದೆ. ಮನೆಯವರೆಲ್ಲ ನಕ್ಕರು. ಅತ್ತೆಯೂ ನಕ್ಕು, ಗಂಜಿ ತಂದು ತಾವೇ ಕುಡಿಸಿದರು.

ತಮಾಷೆಯಾಗಿದೆ ಅಲ್ಲವೇ.

ಜ್ವರ ಬಿಟ್ಟಿದೆ. ನಿದ್ರೆ ಬರುತ್ತಿಲ್ಲ. ನಿಮಗೆಂದು ಒಂದು ಸೀರೆ ಕಳಿಸಿದ್ದೇನೆ, ಉಟ್ಟುಕೊಳ್ಳಿ. ಹಾಳೆ ಮುಗಿಯಿತು.

ಕುಮುದಾ


ಮಸ್ಕಿ
7 ನವೆಂಬರ್ 1988

ಕುಮುದಾ ಟೀಚರ್,

ಸೀರೆ ಚೆನ್ನಾಗಿದೆ. ಮಸ್ಕಿಗೆ ಬಂದಿದ್ದ ಗೌಸ್‌ಸಾಬನ ಕೈಯಲ್ಲಿ ವಾಪಸು ಕಳಿಸಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಲಿಂಗಸುಗೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸ ಕೇಳಲು ಹೋಗಿದ್ದೆ. ಶಾಲೆಯಿಂದ ಕೊಟ್ಟ ಸರ್ಟಿಫಿಕೇಟು ತೋರಿಸಿದೆ. ಹದಿನಾಲ್ಕು ವರ್ಷದ ಸೇವೆ ಎಂದು ಒಂದು ಸಾಲು, ನಿರ್ಲಕ್ಷ್ಯದಿಂದ ತೆಗೆದಿದೆ ಎಂದು ಇನ್ನೊಂದು ಸಾಲು. ಡಾಕ್ಟರು ಎರಡನೆಯ ಸಾಲು ಓದಿ ಕಾಗದ ಮಡಚಿ ಕೊಟ್ಟರು. ಒಳ್ಳೆಯ ಮನುಷ್ಯ, ಚಹಾ ಕುಡಿಸಿ ಕಳಿಸಿದರು.

ಅಕ್ಟೋಬರ್ 24ರ ಸೂಜಿ ಆಯಿತೋ ಇಲ್ಲವೋ ಬರೆದಿಲ್ಲ. ಬೇರೆಲ್ಲ ಬರೆದಿದ್ದೀರಿ.

ತಮಾಷೆ ಓದಿದೆ. ನಗು ಬರಲಿಲ್ಲ.

ಪೀರ್‌ಬೀ


ಸಿಂಧನೂರು
20 ನವೆಂಬರ್ 1988

ಸಿಸ್ಟರ್,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಮೊದಲು ಸೂಜಿಯ ಸಂಗತಿ. 24ಕ್ಕೆ ಆಗಲಿಲ್ಲ. ನಾನು ಲಿಂಗಸುಗೂರಿನಲ್ಲಿ ಮಲಗಿದ್ದೆ, ಹೇಳಿ ಕಳಿಸಲಿಲ್ಲ. ಜ್ವರ ನೆಪ ಮಾತ್ರ. ಅಷ್ಟು ಹೊತ್ತಿಗೆ ಯಮನಮ್ಮನ ಹೆಸರನ್ನು ಬೇಕೆಂದೇ ನೆನೆಯದೆ ದೂರವಿಟ್ಟಿದ್ದೆ. ವಾರ ತಡವಾಗಿ, 31ಕ್ಕೆ ಮಾಡಿಸಿದೆ. ಡಾಕ್ಟರು ಇಷ್ಟಕ್ಕೆ ಅಪಾಯವಿಲ್ಲ, ಇನ್ನು ಮೊದಲಿನ ತಾರೀಖಿಗೇ ಮುಂದುವರಿಸಿ ಎಂದರು. ಈ ತಿಂಗಳ 14ರದ್ದು ಆಗಿದೆ.

ಇನ್ನು ಉಳಿದದ್ದು. ನಿಮಗೆ ಗೊತ್ತಿದೆ. ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ.

ಜೂನ್‌ನಲ್ಲಿ ಮುದುಕಮ್ಮ ಮಗಳನ್ನು ಸೇರಿಸಲು ಬಂದಾಗ ನಾನು ಕೆಲಸಕ್ಕೆ ಸೇರಿ ನಾಲ್ಕನೇ ದಿನ. ಕಾರ್ಡಿನಲ್ಲಿ "ಇದ್ದ ಕಾಯಿಲೆ" ಎಂಬ ಕಾಲಮ್ ತುಂಬಲು ಅವಳನ್ನು ಕೇಳಿದೆ. ಹುಡುಗಿಗೆ ಜಡ್ಡು ಐತ್ರಿ, ಓಡಾಕ ಆಗಂಗಿಲ್ಲ ಎಂದಳು. ನನಗೆ ನಗು ಬಂತು. ಓಡಲಾರದಷ್ಟು ಸೋಮಾರಿ ಎನ್ನುತ್ತಿದ್ದಾಳೆ ಎಂದುಕೊಂಡೆ. "ಯೋಚನೆ ಮಾಡಬೇಡಮ್ಮ, ಮೂರು ತಿಂಗಳಲ್ಲಿ ನಾನು ಸರಿ ಮಾಡುತ್ತೇನೆ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಹಳ್ಳಿಯವರು ಟೀಚರ್‌ಗೆ ಎಷ್ಟು ಗೌರವ ಕೊಡುತ್ತಾರೆ ಎಂದು ಆ ಸಂಜೆ ಅಮ್ಮನಿಗೆ ಪತ್ರ ಬರೆದೆ.

ಕಾರ್ಡಿನಲ್ಲಿ ಕನ್ನಡದಲ್ಲಿ ಬರೆಯಬಹುದಿತ್ತು. "ಜಡ್ಡು" ಎಂದು ಅವಳ ಮಾತನ್ನೇ ಬರೆದಿದ್ದರೆ ಸಾಕಿತ್ತು, ನೀವು ಒಂದು ಕ್ಷಣದಲ್ಲಿ ತಿಳಿಯುತ್ತಿದ್ದಿರಿ. ನಾನು ಇಂಗ್ಲಿಷಿನಲ್ಲಿ "ಸ್ಲಗಿಶ್ ಬೈ ನೇಚರ್" ಎಂದು ಬರೆದೆ. ಹುಟ್ಟಾ ಮಂದ ಎಂದು. ಒಳ್ಳೆಯ ಪದ ಸಿಕ್ಕಿತೆಂದು ಖುಷಿಯಾಗಿತ್ತು.

ಆಮೇಲೆ ಅವಳನ್ನು ಸರಿ ಮಾಡತೊಡಗಿದೆ. ನನ್ನನ್ನು ಕಂಡರೆ ಸಾಕು, ಮೈದಾನಕ್ಕೆ ಒಂದು ಸುತ್ತು ಓಡಬೇಕು ಎಂದು ನಿಯಮ ಮಾಡಿದ್ದೆ. ಅವಳು ಎದೆ ಹಿಡಿದುಕೊಂಡು ನಿಂತರೆ "ನಾಟಕ" ಎನ್ನುತ್ತಿದ್ದೆ. ಕ್ಲಾಸೆಲ್ಲ ನಗುತ್ತಿತ್ತು. ನಾನು ಕೆಟ್ಟವಳೆಂದು ನನಗೆ ಒಮ್ಮೆಯೂ ಅನಿಸಲಿಲ್ಲ, ಸಿಸ್ಟರ್. ತುಂಬ ಒಳ್ಳೆಯವಳೆಂದೇ ಅನಿಸಿತ್ತು.

ಲಿಂಗಸುಗೂರಿನಲ್ಲಿ ಮನೆಯವರೆಲ್ಲ ನಗುತ್ತಿದ್ದಾಗಲೇ ನನಗೆ ಇದೆಲ್ಲ ತಿಳಿಯಿತು. ನಾನೂ ಅವರ ಜೊತೆ ನಕ್ಕೆ. ರಾತ್ರಿ ಇವರಿಗೆ ಹೇಳಿದೆ. "ಆದದ್ದು ಆಗಿ ಹೋತು. ಪೀರ್‌ಬೀಗೆ ಇನ್ನೊಂದು ಕಡಿ ನೌಕರಿ ಸಿಗ್ತೈತಿ. ನೀ ಬಾಯಿ ಬಿಟ್ರ ನಮ್ಮ ಮನೆತನದ ಹೆಸರು ಏನಾಗಬೇಕು?" ಎಂದರು. ನನಗೆ ಆ ಮಾತು ಬೇಕಾಗಿತ್ತು. ಅದನ್ನು ಹಿಡಿದುಕೊಂಡು ಒಂದು ತಿಂಗಳು ಕುಳಿತೆ. ನಿಮಗೆ ಸೀರೆ ಕಳಿಸಿದೆ.

ಸರ್ಟಿಫಿಕೇಟಿನ ಆ ಎರಡನೆಯ ಸಾಲು ನಿಮ್ಮದಲ್ಲ, ನನ್ನದು. ನಾಳೆಯೇ ಅಂಬಪ್ಪನವರ ಹತ್ತಿರ ಹೋಗುತ್ತೇನೆ. ಹೋಗುತ್ತೇನೆಂದು ಬರೆದೆ, ಇನ್ನು ಹೋಗಲೇಬೇಕು.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ಕುಮುದಾ


ಮಸ್ಕಿ
24 ನವೆಂಬರ್ 1988

ಕುಮುದಾ,

ಟೀಚರ್ ಎಂದು ಬರೆದಿಲ್ಲ, ನನ್ನ ಮಗಳ ವಯಸ್ಸಿನವಳು ನೀನು.

ನಿನ್ನ ಮೊದಲ ಪತ್ರದಲ್ಲೇ ನನಗೆ ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಲ್ಲ. ಕೇಳದಿದ್ದರೂ ಹೇಳಬೇಕು.

ನಾನು ಕನ್ನಡ ಶಾಲೆಯಲ್ಲಿ ಓದಿ ನರ್ಸ್ ಆದವಳು. ರೋಗದ ಇಂಗ್ಲಿಷ್ ಹೆಸರುಗಳು ಬರುತ್ತವೆ, ಔಷಧದ ಹೆಸರುಗಳು ಬರುತ್ತವೆ. ನೀನು ಬರೆದ ಆ ಪದ ಬರಲಿಲ್ಲ. ಕಾಯಿಲೆಯ ಕಾಲಮ್ಮಿನಲ್ಲಿ ನಿನ್ನ ಮುತ್ತಿನಂಥ ಅಕ್ಷರ. ಅದನ್ನು ಎಷ್ಟು ಹೊತ್ತು ನೋಡಿದೆನೋ. ಪಕ್ಕದ ಕೋಣೆಯಲ್ಲಿ ನೀನು ಇದ್ದೆ. ಎದ್ದು ಬಂದು "ಇದೇನವ್ವಾ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಮೊನ್ನೆ ಬಂದ ಹುಡುಗಿಯನ್ನು ಹೇಗೆ ಕೇಳಲಿ, ಇಷ್ಟೂ ಬರುವುದಿಲ್ಲವೇ ಎಂದುಕೊಂಡಾಳು ಅನ್ನಿಸಿತು. ರೋಗವಾಗಿದ್ದರೆ ಅದರ ಹೆಸರು ನನಗೆ ಬರುತ್ತಿತ್ತು, ಬರುವುದಿಲ್ಲ ಎಂದರೆ ರೋಗವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆವತ್ತು ಇನ್ನೂರು ಮಕ್ಕಳು ಸಾಲಿನಲ್ಲಿದ್ದರು. ಅವಳ ಎದೆಗೆ ಕಿವಿ ಕೊಡಲಿಲ್ಲ, ನಾಡಿ ಹಿಡಿಯಲಿಲ್ಲ. ತೂಕ ಬರೆದುಕೊಂಡು ಸಹಿ ಹಾಕಿದೆ.

ಜುಲೈನಲ್ಲಿ ಅವಳು ಓಡುವುದನ್ನು ಕಿಟಕಿಯಿಂದ ಎರಡು ಸಲ ನೋಡಿದ್ದೆ. ಸುತ್ತು ಮುಗಿಸಿ ಕೆಳಗೆ ಕೂಡುತ್ತಿದ್ದಳು. ಕರೆದು ನೋಡಬೇಕು ಎಂದುಕೊಂಡೆ. ಎಂದುಕೊಂಡದ್ದಷ್ಟೇ.

ಅದಕ್ಕೇ ಸುಮ್ಮನೆ ಮಸ್ಕಿಗೆ ಬಂದೆ. ನಿನ್ನ ತಪ್ಪು ನಿನಗೆ ತಾನಾಗಿ ತಿಳಿಯಲಿ ಎಂದು ಕಾಯುತ್ತ ಕುಳಿತೆನೇ ಹೊರತು ನನ್ನದನ್ನು ಹೇಳಲಿಲ್ಲ. ಅಂಬಪ್ಪನವರ ಹತ್ತಿರ ಹೋದರೆ ತಪ್ಪೆಲ್ಲ ನಿನ್ನದೇ ಎಂದು ಹೇಳಬೇಡ, ಅದು ಸುಳ್ಳಾಗುತ್ತದೆ. ಅದಕ್ಕಿಂತ ಮೊದಲು ತುರ್ವಿಹಾಳಕ್ಕೆ ಹೋಗು. ಮಂಡಳಿಗೆ ಕಾಗದ ಸಾಕು. ಮುದುಕಮ್ಮನಿಗೆ ಕಾಗದ ಸಾಲದು.

ಡಿಸೆಂಬರ್ 5.

ಪೀರ್‌ಬೀ


ಸಿಂಧನೂರು
18 ಡಿಸೆಂಬರ್ 1988

ಸಿಸ್ಟರ್,

5ರ ಸೂಜಿ ಆಯಿತು.

ನಿಮ್ಮ ಪತ್ರ ಬರುವ ಮೊದಲೇ ಅಂಬಪ್ಪನವರ ಹತ್ತಿರ ಹೋಗಿಬಿಟ್ಟಿದ್ದೆ. ಪೂರ್ತಿ ಕೇಳಿ, ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ಏನವ್ವಾ ತಂಗಿ, ಮುಚ್ಚಿದ ಕಡತ ಯಾಕ ಬಿಚ್ಚಾಕತ್ತಿ? ಇಂಗ್ಲಿಷ್ ಟೀಚರ್‌ಗೆ ಕನ್ನಡ ಬರಂಗಿಲ್ಲಂದ್ರ ಮಂದಿ ನಮ್ಮ ಸಾಲಿ ಮ್ಯಾಲೆ ನಗಂಗಿಲ್ಲೇನು?" ಎಂದರು. ನಾನು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಇದನ್ನು ತೆಗೆದುಕೊಳ್ಳದಿದ್ದರೆ ನಾಳೆಯ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ಓದುತ್ತೇನೆ ಎಂದೆ. ಆ ಧೈರ್ಯ ಎಲ್ಲಿಂದ ಬಂತೋ, ಹೊರಗೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬರಿಗಾಲಲ್ಲಿ ಮನೆಗೆ ನಡೆದೆ.

ನಿಮ್ಮ ಸರ್ಟಿಫಿಕೇಟು ತಿದ್ದಿ ಕೊಡುತ್ತಾರೆ. ಮತ್ತೆ ಕರೆಯುವ ಪತ್ರವೂ ಬರುತ್ತದೆ. ನಾನು ರಾಜೀನಾಮೆ ಕೊಟ್ಟೆ, ಬೇಡ ಎನ್ನಲಿಲ್ಲ. ಇವರು ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೇ ದಿನ, "ತುರ್ವಿಹಾಳಕ್ಕ ನಾ ಕರ್ಕೊಂಡು ಹೋಗ್ಲೇನು?" ಎಂದು ಕೇಳಿದರು. ಒಬ್ಬಳೇ ಬಸ್ಸಿನಲ್ಲಿ ಹೋದೆ.

ಯಮನಮ್ಮ ಗೊರೇಬಾಳದ ಸೋದರಮಾವನ ಮನೆಗೆ ಹೋಗಿದ್ದಳು. ಮುದುಕಮ್ಮ ಭತ್ತದ ಕೊಯ್ಲಿನಿಂದ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಹೇಳಿದೆ, ನಿಂತುಕೊಂಡೇ. ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ತಂಬಿಗೆ ಕೆಳಗಿಟ್ಟು ಕೇಳಿದಳು:

"ಹಂಗಾದ್ರ ನಿಮ್ಮ ಕಡಿ ಜಡ್ಡಿಗೆ ಏನಂತಾರ್ರಿ?"

"ಕಾಯಿಲೆ ಎನ್ನುತ್ತೇವೆ."

"ಕಾಯ್ಲಿ" ಎಂದು ತಾನೂ ಒಮ್ಮೆ ಅಂದು ನೋಡಿದಳು. "ನನಗ ಆ ಮಾತು ಗೊತ್ತಿಲ್ರಿ. ನಿಮಗ ನನ್ನ ಮಾತು ಗೊತ್ತಿರಲಿಲ್ಲ. ಒಂದ ಸಲ 'ಅಂದ್ರ ಏನವ್ವಾ?' ಅಂದಿದ್ರ ನಾ ಹೇಳತಿದ್ನಿ."

"ಹೌದು" ಎಂದೆ.

ಆಮೇಲೆ ಅವಳು ಕಟ್ಟೆಯ ಮೇಲೆ ಕುಳಿತಳು. "ಅಕ್ಕೋರ, ನೀವು ಅವತ್ತು ಮೂರು ತಿಂಗಳದಾಗ ಸರಿ ಮಾಡ್ತೀನಿ ಅಂದ್ರಿ. ನಾ ಓಣಿ ತುಂಬ ಹೇಳಿಕೋತ ಅಡ್ಡಾಡಿದೆ, ಮೈಸೂರು ಅಕ್ಕೋರು ನನ್ನ ಮಗಳ ಜಡ್ಡು ಬಿಡಿಸ್ತಾರಂತ. ಹುಡುಗಿ ದಿನಾ ಸಂಜಿಗೆ ಬಂದು ಅಳತಿತ್ತು. ಯವ್ವಾ ಓಡಿಸ್ತಾರ, ಎದಿ ಉರೀತೈತಿ, ನಾ ಹೋಗಂಗಿಲ್ಲ ಅಂತ. ನಾನ ಬೈದ್ನಿ. ಅದೂ ಮದ್ದ ಇರಬೇಕು, ಅಕ್ಕೋರು ಓದಿದವರು, ಸುಮ್ನ ಓಡಬೇ ಅಂದೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಒಂದಿನ ಹೋಗಂಗಿಲ್ಲಂತ ಕಂಬ ಹಿಡಕೊಂಡು ಕುಂತಿತ್ತು. ಕೈ ಬಿಡಿಸಿ ನಾನ ಬಸ್ ಹತ್ತಿಸೀನ್ರಿ."

ಸಿಸ್ಟರ್, ನನ್ನ ತಪ್ಪನ್ನು ಒಪ್ಪಿಸಿ ಹಗುರಾಗಿ ಬರಬಹುದು ಎಂದು ಹೋಗಿದ್ದೆ. ಅವಳ ತಲೆಯ ಮೇಲೂ ಒಂದು ಹೊರೆ ಇಟ್ಟವಳು ನಾನೇ ಎಂದು ತಿಳಿದು ಬಂದೆ. ಅವಳ ಪಕ್ಕ ಕುಳಿತೆ. ಮುಟ್ಟುವ ಧೈರ್ಯವಾಗಲಿಲ್ಲ. ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಅವಳೇ ಎಬ್ಬಿಸಿದಳು.

ಮಗಳನ್ನು ಮತ್ತೆ ಕಳಿಸುತ್ತೀಯಾ ಎಂದು ಕೇಳಿದ್ದಕ್ಕೆ ಈ ಸಲ "ನೋಡೂಣ್ರಿ" ಎನ್ನಲಿಲ್ಲ. "ಪೀರಮ್ಮ ಬಂದ್ರ ಕಳಸ್ತೀನಿ. ಆಕಿಗೆ ನಮ್ಮ ಮಾತು ತಿಳೀತಾವ" ಎಂದಳು.

ಬರುತ್ತೀರಾ?

ಕುಮುದಾ


ಮಸ್ಕಿ
2 ಜನವರಿ 1989

ಕುಮುದಾ,

ಲಿಂಗಸುಗೂರಿನ ಡಾಕ್ಟರು ತಿದ್ದಿದ ಸರ್ಟಿಫಿಕೇಟು ನೋಡಿ ಕೆಲಸಕ್ಕೆ ಬಾ ಎಂದಿದ್ದರು. ಅಲ್ಲಿ ಎರಡು ಕೋಣೆ, ಹತ್ತು ಮಂಚ, ಆರಾಮದ ಕೆಲಸ. ಮೂರು ದಿನ ಯೋಚಿಸಿದೆ. ಆಗುವುದಿಲ್ಲ ಎಂದು ಹೇಳಿ ಬಂದೆ.

ಸಂಕ್ರಾಂತಿ ಮುಗಿಸಿ 16ಕ್ಕೆ, ಸೋಮವಾರ, ಶಾಲೆಗೆ ಬರುತ್ತೇನೆ. ಅವತ್ತೇ ಅವಳ ಸೂಜಿಯ ದಿನ. ನಾನೇ ಕರೆದುಕೊಂಡು ಹೋಗಿ, ನಾನೇ ಕ್ಲಾಸಿಗೆ ಬಿಡುತ್ತೇನೆ. ಈ ಸುದ್ದಿಯನ್ನು ನೀನೇ ಹೋಗಿ ಮುದುಕಮ್ಮನಿಗೆ ಮುಟ್ಟಿಸು. ಓಡು ಎಂದದ್ದು ಅವಳ ತಪ್ಪಲ್ಲ, ನಾಡಿ ಹಿಡಿಯಬೇಕಾದವಳು ನಾನಾಗಿದ್ದೆ ಎಂದು ಪೀರಮ್ಮ ಹೇಳಿದಳೆಂದು ಹೇಳು.

ನೀನು ಕೆಲಸ ಬಿಟ್ಟದ್ದು ನನಗೆ ಸೇರಲಿಲ್ಲ. ಹುಡುಗಿಗೆ ಮಾರ್ಚ್‌ನಲ್ಲಿ ಪರೀಕ್ಷೆ. ಇಂಗ್ಲಿಷ್ ಯಾರು ಹೇಳಿಕೊಡಬೇಕು? 16ಕ್ಕೆ ಗೇಟಿನ ಹತ್ತಿರ ಬಂದು ನಿಲ್ಲು. ಮೂವರೂ ಕೂಡಿ ಒಳಗೆ ಹೋಗೋಣ.

ಪೀರ್‌ಬೀ


ಸಿಂಧನೂರು
9 ಜನವರಿ 1989

ಸಿಸ್ಟರ್,

ಗೌಸ್‌ಸಾಬನ ಕೈಯಲ್ಲಿ ಹೇಳಿ ಕಳಿಸಿದ್ದೆ, ಡಿಸೆಂಬರ್ 26ರ ಸೂಜಿ ಆಗಿದೆ. ನಿನ್ನೆ ತುರ್ವಿಹಾಳಕ್ಕೆ ಹೋಗಿ ಬಂದೆ. ನೀವು ಬರುವ ಸುದ್ದಿ ಕೇಳಿ ಮುದುಕಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ನಿಮ್ಮ ಮಾತನ್ನೂ ಮುಟ್ಟಿಸಿದೆ. ತಲೆ ಆಡಿಸಿದಳು. ಮಗಳ ಸಮವಸ್ತ್ರ ಒಗೆದು ಹಗ್ಗಕ್ಕೆ ಹಾಕಿದ್ದಳು, ಅಂದರೆ ನೀವು ಬರುತ್ತೀರೆಂದು ನಂಬಿಯೇ ಇದ್ದಳು.

ಈ ಸಲ ಯಮನಮ್ಮ ಮನೆಯಲ್ಲಿದ್ದಳು. ಕಟ್ಟೆಯ ಮೇಲೆ ಕುಳಿತು ನಾನು ಕಳಿಸಿದ ಪಾಠವನ್ನು ನೋಡಿ ಬರೆಯುತ್ತಿದ್ದಳು. ಅಕ್ಷರ ಚೆನ್ನಾಗಿದೆ, ಸಿಸ್ಟರ್. ಕೆನ್ನೆ ತುಂಬಿಕೊಂಡಿದೆ. ನಾನು ಅಂಗಳಕ್ಕೆ ಕಾಲಿಟ್ಟೆ. ಅವಳು ತಲೆ ಎತ್ತಿ ನೋಡಿದಳು. ಪುಸ್ತಕ ಮುಚ್ಚಿ ಬದಿಗಿಟ್ಟಳು. ಕಟ್ಟೆಯಿಂದ ಇಳಿದು ಬಂದು ನನ್ನ ಮುಂದೆ ನಿಂತು, ಲಂಗದ ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೆಲ್ಲನೆ ಕೇಳಿದಳು:

"ಎಷ್ಟು ಸುತ್ತ್ರಿ, ಟೀಚರ್?"

ಒಂದೂ ಇಲ್ಲ ಕಂದಾ, ಎಂದೆ. ಓಡಬಾರದು, ನಿನಗೆ ಜಡ್ಡು ಇದೆ, ಎಂದೆ. ನಾನು ಓಡು ಎಂದದ್ದು ತಪ್ಪು, ಎಂದೆ. ನೆಲದ ಮೇಲೆ ಕುಳಿತು ಅವಳಿಗಿಂತ ಕೆಳಗಿದ್ದು ಹೇಳಿದೆ. ಅವಳು ತಾಯಿಯನ್ನು ನೋಡಿದಳು. ತಾಯಿ ಹೂಂ ಎಂದಳು. ಅವಳು ಮತ್ತೆ ನನ್ನನ್ನು ನೋಡಿದಳು. ಸಿಕ್ಕಿಸಿದ ಲಂಗವನ್ನು ಬಿಡಲಿಲ್ಲ. ನಾನು ಎದ್ದು ಓಣಿ ದಾಟುವವರೆಗೂ ಹಾಗೆಯೇ ನಿಂತಿದ್ದಳು.

ಮಾರ್ಚ್‌ವರೆಗಿನ ಇಂಗ್ಲಿಷ್ ಪಾಠಗಳನ್ನೆಲ್ಲ ಬರೆದಿಟ್ಟಿದ್ದೇನೆ. ಬಸ್ಸಮ್ಮನ ಕೈಯಲ್ಲಿ ಕೊಟ್ಟಿರುತ್ತೇನೆ. ದಿನಕ್ಕೊಂದರಂತೆ ನಿಮ್ಮ ಕೋಣೆಯಲ್ಲಿ ಕೂರಿಸಿ ಓದಿಸಿ. ಓದಿದ್ದರಲ್ಲಿ ತಿಳಿಯದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಲಿ, ಸಂಜೆಯೊಳಗೆ ಉತ್ತರ ಬರೆದು ಕಳಿಸುತ್ತೇನೆ.

16ಕ್ಕೆ ಗೇಟಿನ ಹತ್ತಿರ ನೀವು ನಿಂತಿರಿ. ನಾನು ಬರುವುದಿಲ್ಲ, ಸಿಸ್ಟರ್. ನನ್ನನ್ನು ಕಂಡರೆ ಅವಳು ಓಡುತ್ತಾಳೆ.

ಕುಮುದಾ